ಮೈಕಿಲ್ಲದ ಕುರ್ಚಿ

ಅಮೆರಿಕದಲ್ಲಿ ಸಂಜೆ ಶುರುವಾಗುವ ಬೇಸ್‌ಬಾಲ್ ಪಂದ್ಯ ವೈಟ್‌ಫೀಲ್ಡಿಗೆ ಬೆಳಗಿನ ಕಾಫಿಯ ಹೊತ್ತಿಗೆ ಬಂದು ಮುಟ್ಟುತ್ತದೆ. ಅದನ್ನು ಕನ್ನಡದಲ್ಲಿ ಯಾರು ಕೇಳುತ್ತಾರೆ ಎಂದು ನನ್ನನ್ನು ಕೇಳದವರಿಲ್ಲ. ಮದುವೆ ಮನೆಯಲ್ಲಿ ಕೇಳಿದ್ದಾರೆ, ಬ್ಯಾಂಕಿನಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ ಕೇಳಿದ್ದಾರೆ. ಕೇಳುವವರು ಇದ್ದರು. ಕ್ಯಾಬ್ ಡ್ರೈವರುಗಳು, ಶಿಫ್ಟ್ ಮುಗಿಸಿದ ಸೆಕ್ಯೂರಿಟಿಯವರು, ಕ್ರಿಕೆಟ್ ಇಲ್ಲದ ಬೆಳಿಗ್ಗೆ ಏನಾದರೊಂದು ಕಿವಿಗೆ ಬೀಳಲಿ ಎನ್ನುವ ಜನ. ಲಕ್ಷಾಂತರ ಇರಲಿಲ್ಲ, ಆದರೆ ಇದ್ದರು. ಅವರಿಗೆ ಆ ಆಟವನ್ನು ಮೊದಲು ಬಿಡಿಸಿ ಹೇಳಿದವಳು ನಾನು. ಇದನ್ನು ಇಷ್ಟು ಜೋರಾಗಿ ಹೇಳಿಕೊಳ್ಳಬೇಕಾಗಿ ಬಂದಿದೆಯಲ್ಲ, ಅದೇ ನನ್ನ ಹೊಟ್ಟೆಯುರಿ.

ನಾನು ಆಗ ಲಗ್ಗೆರೆಯ ಒಂದು ಪ್ರೈವೇಟ್ ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲೇಜಿನ ದಿನಗಳಲ್ಲಿ ಯೂನಿವರ್ಸಿಟಿಯ ಸಾಫ್ಟ್‌ಬಾಲ್ ತಂಡದಲ್ಲಿ ಕ್ಯಾಚರ್ ಆಗಿದ್ದೆ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ ಎಂದುಕೊಳ್ಳಿ. ಚೆಂಡು ಸ್ವಲ್ಪ ದೊಡ್ಡದು, ಮೈದಾನ ಸ್ವಲ್ಪ ಚಿಕ್ಕದು, ಎಸೆಯುವವಳು ಕೈಯನ್ನು ಕೆಳಗಿನಿಂದ ಬೀಸುತ್ತಾಳೆ. ಉಳಿದದ್ದೆಲ್ಲ ಅದೇ. ಮೊಬೈಲ್ ಆಪ್‌ನಲ್ಲಿ ಆಟ ತೋರಿಸುವ ಒಂದು ಕಂಪನಿ ಅಮೆರಿಕದ ಪಂದ್ಯಗಳನ್ನು ಕೊಂಡು, ಕನ್ನಡದಲ್ಲೂ ಕಾಮೆಂಟರಿ ಕೊಡುತ್ತೇವೆ ಎಂದು ಹೊರಟಿತ್ತು. ಆಟ ಗೊತ್ತಿರುವ, ಕನ್ನಡ ಬರುವ ಒಬ್ಬರು ಬೇಕಾಗಿದ್ದರು. ಹುಡುಕುತ್ತಾ ಹುಡುಕುತ್ತಾ ನನ್ನ ಹಳೆಯ ಕೋಚ್ ಮೂಲಕ ನನ್ನ ತನಕ ಬಂದರು. ನಾನು ಶಾಲೆಗೆ ರಾಜೀನಾಮೆ ಕೊಟ್ಟು ಹೋದೆ. ಹೆಡ್‌ಮಿಸ್ ಬೇಡ ಎಂದಿದ್ದರು. ಅವರ ಮಾತನ್ನು ಕೇಳಲಿಲ್ಲ, ಕೇಳಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ.

ಕಾಮೆಂಟರಿಯಲ್ಲಿ ಎರಡು ಕುರ್ಚಿಗಳಿರುತ್ತವೆ. ಒಂದು, ಆದದ್ದನ್ನು ಆದ ಹಾಗೆ ಹೇಳುವವರದು. ಇನ್ನೊಂದು, ಯಾಕೆ ಹಾಗಾಯಿತು ಎಂದು ಹೇಳುವವರದು. ಎರಡನೆಯದನ್ನು ಎಕ್ಸ್‌ಪರ್ಟ್ ಕುರ್ಚಿ ಎನ್ನುತ್ತಾರೆ. ಮೊದಲನೆಯದರಲ್ಲಿ ಕೂತವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಪೀಣ್ಯದ ಕಾರ್ಖಾನೆಗಳ ರಾಜ್ಯೋತ್ಸವ, ಆಯುಧಪೂಜೆ, ಟೆನಿಸ್ ಬಾಲ್ ಟೂರ್ನಮೆಂಟು, ಎಲ್ಲದಕ್ಕೂ ಮೈಕ್ ಹಿಡಿಯುತ್ತಿದ್ದವರು ಅವರು. ಐವತ್ತು ದಾಟಿದ ಮನುಷ್ಯ, ಕಂಠ ಮಾತ್ರ ಕಂಚಿನದು. ಅವರಿಗೆ ಬೇಸ್‌ಬಾಲಿನ ಗಂಧಗಾಳಿಯೂ ಇರಲಿಲ್ಲ. ಆದರೆ ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತೂ ಕೇಳುವವನ ಉಸಿರು ಹಿಡಿದಿಡುವುದು ಹೇಗೆಂದು ಗೊತ್ತಿತ್ತು. ಮೊದಲ ವಾರ ಇಬ್ಬರೂ ಕ್ಯಾಂಟೀನಿನ ಟೇಬಲ್ಲಿನ ಮೇಲೆ ಸಕ್ಕರೆ ಪೊಟ್ಟಣಗಳನ್ನಿಟ್ಟು ಮೈದಾನ ಮಾಡಿಕೊಂಡು ಆಟ ಆಡಿದೆವು. ಅವರು ಬೇಗ ಕಲಿತರು.

ಎಕ್ಸ್‌ಪರ್ಟ್ ಕುರ್ಚಿ ನನ್ನದು. ಅದರಲ್ಲಿ ಕೂತು ನಾನು ಏನು ಮಾಡುತ್ತಿದ್ದೆ ಎಂದು ಹೇಳಲೇಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ಪಿಚರ್. ಬ್ಯಾಟ್ ಹಿಡಿದವನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಅದನ್ನು ಹಿಡಿಯುವವನು ಕ್ಯಾಚರ್. ಯಾವ ಚೆಂಡು ಎಸೆಯಬೇಕೆಂದು ತೀರ್ಮಾನಿಸುವುದು ಬಹುಪಾಲು ಕ್ಯಾಚರೇ. ನಾವು ತೊಡೆಗಳ ಮಧ್ಯೆ ಬೆರಳು ಅಡಗಿಸಿ ಸನ್ನೆ ಮಾಡುತ್ತಿದ್ದೆವು. ಒಂದು ಬೆರಳೆಂದರೆ ವೇಗದ್ದು, ಎರಡೆಂದರೆ ತಿರುಗುವುದು. ಈಗ ಅಮೆರಿಕದವರು ಗುಂಡಿ ಒತ್ತುವ ಯಂತ್ರ ಕಟ್ಟಿಕೊಂಡಿದ್ದಾರೆ, ಸನ್ನೆ ಯಾರಿಗೂ ಕಾಣುವುದಿಲ್ಲ. ಆದರೆ ಯಂತ್ರ ಬಂದರೂ ಮಂಡಿ ಬದಲಾಗಿಲ್ಲ. ಚೆಂಡು ಹೊರಗೆ ಬರುವುದಾದರೆ ಕ್ಯಾಚರ್ ತುಸು ಮುಂಚೆಯೇ ಆ ಕಡೆಯ ಮಂಡಿಯ ಮೇಲೆ ಭಾರ ಹಾಕುತ್ತಾನೆ. ಚೆಂಡು ನೆಲಕ್ಕೆ ಬೀಳುವ ಜಾತಿಯದಾದರೆ ಎರಡೂ ಮಂಡಿಗಳು ಕೆಳಗಿಳಿಯಲು ಸಿದ್ಧವಾಗಿ ಮೆತ್ತಗಾಗುತ್ತವೆ. ಬ್ಯಾಟ್ ಹಿಡಿದವನಿಗೆ ತನ್ನ ಬೆನ್ನ ಹಿಂದಿನದು ಕಾಣುವುದಿಲ್ಲ. ಟಿವಿ ನೋಡುವವರಿಗೆ ಕಾಣುತ್ತದೆ. ಹಾಗಾಗಿ ನಾನು ಮೊದಲ ದಿನವೇ ಹೇಳಿದೆ, "ಚೆಂಡು ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಮಂಡಿ ನೋಡಿ." ಮಂಡಿ ನೋಡಿ ಮುಂದಿನದನ್ನು ಹೇಳುತ್ತಿದ್ದೆ, ಹತ್ತರಲ್ಲಿ ಆರೇಳು ಸಲ ಹಾಗೇ ಆಗುತ್ತಿತ್ತು. ಅಣ್ಣ ಪಕ್ಕದಲ್ಲಿ ಸುಮ್ಮನೆ ತಲೆ ಆಡಿಸುತ್ತಿದ್ದರು. ಬ್ರೇಕಿನಲ್ಲಿ, "ಏನಮ್ಮಾ, ಶಾಸ್ತ್ರ ಹೇಳ್ದಂಗ್ ಹೇಳ್ತೀಯಲ್ಲ, ಗಿಣಿ ಎಲ್ಲಿಟ್ಟಿದೀಯ?" ಎಂದು ಕಾಡುತ್ತಿದ್ದರು.

ಆ ಮೊದಲ ತಿಂಗಳು ನನ್ನ ಬದುಕಿನ ಒಳ್ಳೆಯ ತಿಂಗಳುಗಳಲ್ಲಿ ಒಂದು. ಇನ್ನೂ ಬೆಳಕಾಗುವ ಮುಂಚೆ ಲಗ್ಗೆರೆಯಲ್ಲಿ ಕಂಪನಿಯ ಕ್ಯಾಬ್ ಹತ್ತಿದರೆ ರಸ್ತೆ ಖಾಲಿ, ಕಣ್ಣು ಮುಚ್ಚಿ ಬಿಡುವುದರೊಳಗೆ ವೈಟ್‌ಫೀಲ್ಡಿನ ಸ್ಟುಡಿಯೊ. ವಾಪಸು ಬರುವಾಗಿನ ಟ್ರಾಫಿಕ್ಕಿನಲ್ಲಿ ಜೀವ ಬಾಯಿಗೆ ಬರುತ್ತಿತ್ತು, ಆದರೂ ನಾನು ಗೊಣಗಲಿಲ್ಲ. ನನ್ನ ಮಾತಿಗೆ ಯಾರೋ ಎಲ್ಲೋ ಕಿವಿಗೊಟ್ಟು ಕೂತಿದ್ದಾರೆ ಎನ್ನುವ ಖುಷಿಯಲ್ಲಿ ಇದ್ದೆ.

ಆಮೇಲೆ ಸಾರ್ ಬಂದರು.

ಅವರು ನಿವೃತ್ತ ಕ್ರಿಕೆಟ್ ಆಟಗಾರ. ರಾಜ್ಯದ ತಂಡಕ್ಕೆ ಬಹಳ ವರ್ಷ ಆಡಿದವರು, ಜನ ಈಗಲೂ ನಿಲ್ಲಿಸಿ ಸೆಲ್ಫಿ ಕೇಳುತ್ತಾರೆ. ನಮ್ಮ ಪ್ರೊಡ್ಯೂಸರ್, ಬ್ರೂಕ್‌ಫೀಲ್ಡಿನ ಹುಡುಗ, ನನ್ನನ್ನು ಕಾರಿಡಾರಿಗೆ ಕರೆದು ಬಹಳ ಮೆತ್ತಗೆ ಹೇಳಿದ.

"ಮೇಡಂ, ನಿಮ್ ನಾಲೆಡ್ಜ್ ಸೂಪರ್. ಅದ್ರಲ್ಲಿ ಡೌಟೇ ಇಲ್ಲ. ಆದ್ರೆ ಒಂದು ಫೇಸ್ ಬೇಕು ಅಂತಿದಾರೆ ಮೇಲಿನೋರು."

"ಕಾಮೆಂಟರಿಗೆ ಮುಖ ಯಾಕ್ರೀ? ಮುಖ ಕಾಣಲ್ವಲ್ಲ."

"ಅಂದ್ರೆ, ಹೆಸರು ಮೇಡಂ. ಪೋಸ್ಟರ್‌ಗೆ."

ಬೇಸ್‌ಬಾಲ್ ಗೊತ್ತಾ ಅವರಿಗೆ ಎಂದು ಕೇಳಿದೆ. ಬ್ಯಾಟು, ಬಾಲು, ಅಷ್ಟೇ ಅಲ್ವಾ ಮೇಡಂ, ಪಿಕಪ್ ಮಾಡ್ತಾರೆ ಎಂದ. ನನ್ನ ಕೆಲಸ ಹೋಗುವುದಿಲ್ಲ, ಹುದ್ದೆಯ ಹೆಸರು ಬದಲಾಗುತ್ತದೆ ಅಷ್ಟೇ ಎಂದೂ ಹೇಳಿದ. ಕಾಮೆಂಟೇಟರ್ ಹೋಗಿ ಕಂಟೆಂಟ್ ಸಪೋರ್ಟ್ ಆಯಿತು. ನನಗೆ ಮೈಯೆಲ್ಲ ಉರಿಯಿತು. ಶಾಲೆ ಬಿಟ್ಟಾಗಿತ್ತು, ಮನೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಹ್ಞೂಂ ಎಂದೆ.

ಸಾರ್ ಅವರ ಮೊದಲ ಬೆಳಿಗ್ಗೆ ಎರಡನೇ ಇನಿಂಗ್ಸಿನಲ್ಲಿ ಒಬ್ಬ ಬೀಸಿದ ಚೆಂಡು ಬ್ಯಾಟಿನ ಅಂಚು ಸವರಿ ಕ್ಯಾಚರ್‌ನ ತಲೆಯ ಮೇಲಿಂದ ಹಿಂದಕ್ಕೆ ಹಾರಿ ಗ್ಯಾಲರಿಯಲ್ಲಿ ಬಿತ್ತು. ಬೇಸ್‌ಬಾಲಿನಲ್ಲಿ ಅದಕ್ಕೆ ಬೆಲೆಯಿಲ್ಲ. ಫೌಲ್, ಅಂದರೆ ಹೊಡೆದವನಿಗೇ ನಷ್ಟ. ಸಾರ್ ಮಾತ್ರ ಎದ್ದು ನಿಂತರು. ಕೀಪರ್ ಹಿಂದೆ ಸಿಕ್ಸರ್, ಎಂಥ ಧೈರ್ಯ, ಎಂಥ ಮಣಿಕಟ್ಟು, ಇಂಥ ಶಾಟ್ ಆಡಲು ಗುಂಡಿಗೆ ಬೇಕು ಎಂದು ಒಂದು ನಿಮಿಷ ಹೊಗಳಿದರು. ಬ್ಯಾಟರ್ ಬೇಸರದ ಮುಖ ಮಾಡಿಕೊಂಡು ಅಲ್ಲೇ ನಿಂತಿದ್ದ. ಯಾಕೆ ಓಡುತ್ತಿಲ್ಲ ಎಂದರೆ ಸಿಕ್ಸರ್ ಆದ ಮೇಲೆ ಯಾರು ಓಡುತ್ತಾರೆ ಎಂದು ಅದಕ್ಕೂ ವಿವರಣೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ನಾನು ಮನಸಾರೆ ನಕ್ಕೆ. ಇನ್ನೊಂದು ವಾರದಲ್ಲಿ ನನ್ನ ಕುರ್ಚಿ ನನಗೆ ವಾಪಸು ಬರುತ್ತದೆ ಎಂದುಕೊಂಡೆ. ಎಂಥ ಬೆಪ್ಪು ನಾನು.

ಮಾರನೆಯ ದಿನ ಬೂತಿನಲ್ಲಿ ಮೂರನೇ ಕುರ್ಚಿ ಬಂದಿತ್ತು. ಅದರ ಮುಂದೆ ಮೈಕ್ ಇರಲಿಲ್ಲ. ಸಾರ್ ಅವರ ಪಕ್ಕ ಕೂತು ಸ್ವಲ್ಪ ಸಪೋರ್ಟ್ ಮಾಡಿ ಎಂದ ಪ್ರೊಡ್ಯೂಸರ್. ಮೊದಲು ಕಿವಿಯ ಯಂತ್ರದಲ್ಲಿ ಪಿಸುಗುಟ್ಟಿ ನೋಡಿದೆವು. ಅವರಿಗೆ ಒಳಗಿನ ಮಾತು, ಹೊರಗಿನ ಮಾತು ಎರಡೂ ಕಲಸಿ ತಲೆ ಚಿಟ್ಟು ಹಿಡಿಯಿತು. ಚೀಟಿ ಬರೆದರೆ ಕನ್ನಡಕ ಹುಡುಕುವುದರೊಳಗೆ ಚೆಂಡು ಹೋಗಿರುತ್ತಿತ್ತು. ಕೊನೆಗೆ ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ. ಮೇಜಿನ ಕೆಳಗೆ, ನನ್ನ ತೊಡೆಯ ಮೇಲೆ ಬೆರಳಿಟ್ಟು ಸನ್ನೆ ಕೊಟ್ಟೆ. ಒಂದು ಬೆರಳು ವೇಗದ್ದು, ಎರಡು ತಿರುಗುವುದು, ಮುಷ್ಟಿ ಯಾವ ಕಡೆ ವಾಲಿದರೆ ಚೆಂಡು ಆ ಕಡೆ. ಅವರು ಓರೆಗಣ್ಣಲ್ಲಿ ನೋಡಿ ಹೇಳುತ್ತಿದ್ದರು. ಹನ್ನೊಂದು ಜನರ ಆಟದಲ್ಲಿ ಇಡೀ ಆಯಸ್ಸು ಕಳೆದವರಲ್ಲವೇ, ಸನ್ನೆ ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಬ್ರೇಕಿನಲ್ಲಿ ನಾನು ಮುಂದಿನ ಆಟಗಾರನ ಬಗ್ಗೆ ನಾಲ್ಕು ಮಾತು ಹೇಳಿದರೆ ಅದನ್ನು ತಮ್ಮ ಭಾರಿ ಧ್ವನಿಯಲ್ಲಿ ನಿಧಾನವಾಗಿ, ತಾವೇ ಈಗ ಯೋಚಿಸಿದ ಹಾಗೆ ಹೇಳುತ್ತಿದ್ದರು. ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಇದನ್ನು ಒಪ್ಪಿಕೊಳ್ಳುವಾಗ ನನಗೆ ಸಂತೋಷವೇನೂ ಆಗುತ್ತಿಲ್ಲ.

"ಚೆಂಡು ಆಮೇಲೆ, ಮೊದ್ಲು ಮಂಡಿ ನೋಡಿ" ಎಂದು ಅವರು ಮೊದಲ ಸಲ ಹೇಳಿದಾಗ ನಾನು ಅಣ್ಣನ ಕಡೆ ನೋಡಿದೆ. ಅಣ್ಣ ಪರದೆಯನ್ನೇ ನೋಡುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ಸಾರ್ ಅವರ ಮಾತಾಯಿತು. ಮೀಮಿನಲ್ಲಿ ಬಂತು, ಆಟೋದ ಹಿಂದೆ ಬಂತು. ಕಂಪನಿಯವರು ಅದನ್ನು ಟೀ ಶರ್ಟಿನ ಮೇಲೆ ಹಾಕಿಸಿ ಎಲ್ಲರಿಗೂ ಹಂಚಿದರು. ನನಗೂ ಒಂದು ಸಿಕ್ಕಿತು, ನನ್ನ ಅಳತೆಯದಲ್ಲ. ಮೊದಲು ನಗುತ್ತಿದ್ದ ಜನರೇ ಈಗ, ಕ್ರಿಕೆಟ್ ಆಡಿದವರಿಗೆ ಯಾವ ಆಟವಾದರೂ ಅರ್ಥವಾಗುತ್ತದೆ ಎಂದು ಬರೆಯತೊಡಗಿದರು. ನಮ್ಮಪ್ಪ ಪೀಣ್ಯದ ಲೇತ್ ಮಷೀನಿನ ಮುಂದೆ ಬದುಕು ಸವೆಸಿ ಮನೆಯಲ್ಲಿದ್ದವರು. ಮಗಳ ಕಂಪನಿಯೆಂದು ದಿನಾ ಬೆಳಿಗ್ಗೆ ಫೋನ್ ಗೋಡೆಗೊರಗಿಸಿಟ್ಟು ಪಂದ್ಯ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಹೇಳಿದರು.

"ಆ ಸಾರ್ ಬಂದ್ಮೇಲೆ ಆಟ ಚೆನ್ನಾಗ್ ಅರ್ಥ ಆಗ್ತಾ ಐತೆ ಕಣಮ್ಮ. ನೀನಿದ್ದಾಗ ಸ್ವಲ್ಪ ಸ್ಪೀಡಾಗ್ ಹೇಳ್ಬಿಡ್ತಿದ್ದೆ."

ಅದೆಲ್ಲ ನಾನೇ ಹೇಳಿಕೊಟ್ಟದ್ದಪ್ಪ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಇರ್ಬೋದು ಬಿಡು, ಎಲ್ಲಾರೂ ಸೇರ್ಕೊಂಡ್ ಮಾಡೋದೇ ಅಲ್ವಾ" ಎಂದು ಮಜ್ಜಿಗೆ ಹಾಕಿಸಿಕೊಂಡರು. ನಂಬಲಿಲ್ಲ ಎಂದಲ್ಲ. ನಂಬಿದ ಮೇಲೂ ಅವರಿಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಸಾರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈಯುವುದು ಸಲೀಸಾಗುತ್ತಿತ್ತು. ಬಂದ ಕೂಡಲೆ ನನ್ನ ಅಪ್ಪನ ಆರೋಗ್ಯ ಕೇಳುತ್ತಿದ್ದರು, ನನಗೆಂದು ಇಡ್ಲಿ ತರಿಸಿಡುತ್ತಿದ್ದರು. ಹೊರಗಿನವರಿಲ್ಲದಾಗ, ಈ ಹುಡುಗಿ ನನ್ನ ಕಣ್ಣು ಎನ್ನುತ್ತಿದ್ದರು. ಮೈಕ್ ಹಚ್ಚಿದ ಮೇಲೆ ಒಂದು ದಿನವೂ ಅನ್ನಲಿಲ್ಲ. ಸೀಸನ್ ಮುಗಿಯುವುದರೊಳಗೆ ದೊಡ್ಡ ಚಾನೆಲ್ಲಿನ ಕ್ರಿಕೆಟ್ ಪ್ಯಾನೆಲ್ಲಿನಿಂದ ಅವರಿಗೆ ಕರೆ ಬಂತು. ಹೊರಡುವ ದಿನ ಎಲ್ಲರಿಗೂ ಮೈಸೂರುಪಾಕಿನ ಡಬ್ಬಿ ಕೊಟ್ಟರು. ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ನೀನಿಲ್ದಿದ್ರೆ ನಂಗೆ ಇದೆಲ್ಲ ಆಗ್ತಿರ್ಲಿಲ್ಲಮ್ಮ" ಎಂದರು. ನಾನು ಕಾಲಿಗೆ ನಮಸ್ಕಾರ ಮಾಡಿದೆ. ಆಮೇಲೆ ಅವರು ಕ್ರಿಕೆಟ್ಟಿನಲ್ಲೂ ಬ್ಯಾಟ್ಸ್‌ಮನ್ನನ ಮುಂಗಾಲ ಮಂಡಿ ನೋಡಿ ಎಂದು ಶುರುಮಾಡಿದರು. ಅಲ್ಲೂ ಜನ ಮೆಚ್ಚಿಕೊಂಡರು.

ಕುರ್ಚಿ ಖಾಲಿಯಾಯಿತಲ್ಲ, ನನಗೆ ಬೇಕಾದದ್ದು ಅಷ್ಟೇ. ಮುಂದಿನ ಸೀಸನ್ನಿಗೆ ಎಕ್ಸ್‌ಪರ್ಟ್ ಬೇಕು, ಆಡಿಷನ್ ಇದೆ ಎಂದು ಕಂಪನಿ ಪ್ರಕಟಿಸಿದಾಗ ನನಗೆ ಆಡಿಷನ್ ಏಕೆ ಎಂದು ಮೂಗು ಮುರಿದೆ, ಆದರೂ ಹೋದೆ. ಬ್ರೂಕ್‌ಫೀಲ್ಡಿನ ಆ ಪ್ರೊಡ್ಯೂಸರ್ ಅಷ್ಟರಲ್ಲಿ ಬೇರೆ ಕಂಪನಿಗೆ ಹಾರಿದ್ದ. ವೈಟ್‌ಫೀಲ್ಡಿನಲ್ಲಿ ಒಂದು ಕುರ್ಚಿಯಲ್ಲಿ ಎರಡು ವರ್ಷ ಕೂತವನನ್ನು ಜನ ಅನುಮಾನದಿಂದ ನೋಡುತ್ತಾರೆ. ಹೊಸ ಪ್ರೊಡ್ಯೂಸರ್ ಹುಡುಗಿ ನನ್ನನ್ನು ನೋಡಿದ್ದೇ ಆ ದಿನ. ಅವಳ ಪಕ್ಕದಲ್ಲಿ ಅಣ್ಣ ಕೂತಿದ್ದರು. ಅವರು ಈಗ ಲೀಡ್ ಕಾಮೆಂಟೇಟರ್, ಆಯ್ಕೆಯಲ್ಲಿ ಅವರ ಮಾತಿಗೂ ಬೆಲೆ. ಅವರನ್ನು ಕಂಡು ನನಗೆ ಧೈರ್ಯ ಬಂತು.

ಪರದೆಯ ಮೇಲೆ ಹಳೆಯ ಪಂದ್ಯದ ತುಣುಕು ಹಾಕಿದರು. ನಾನು ಹೇಳಿದೆ. ಅಷ್ಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತವಳು, ಮೈಕ್ ಸಿಕ್ಕಿದ್ದೇ ತಡ, ಮಾತು ತಾನಾಗಿ ಬಂತು. ಕ್ಯಾಚರ್ ಯಾಕೆ ಹಿಂದೆ ಸರಿದ, ಮುಂದಿನ ಚೆಂಡು ಯಾಕೆ ನೆಲಕ್ಕೆ ಬರುತ್ತದೆ, ಎಲ್ಲ ಹೇಳಿದೆ. ಬಂದ ಚೆಂಡುಗಳೆಲ್ಲ ನಾನು ಹೇಳಿದ ಜಾಗಕ್ಕೇ ಬಂದವು. ಮುಗಿಸಿ ಹೆಡ್‌ಫೋನ್ ತೆಗೆದೆ.

"ಚೆನ್ನಾಗಿತ್ತು ಮೇಡಂ" ಎಂದಳು ಹುಡುಗಿ. "ಆದ್ರೆ ಒಂದ್ ವಿಷ್ಯ ಹೇಳ್ಲಾ, ಬೇಜಾರ್ ಮಾಡ್ಕೋಬೇಡಿ. ತುಂಬಾ ಸಾರ್ ಥರ ಆಯ್ತು. ಅದೇ ಡೈಲಾಗು, ಅದೇ ಸ್ಟೈಲು. ಕಾಪಿ ಅನ್ಸತ್ತೆ ಆಡಿಯನ್ಸ್‌ಗೆ. ನಿಮ್ದೇ ಅಂತ ಏನಾದ್ರೂ ಟ್ರೈ ಮಾಡ್ತೀರಾ?"

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಿವಿ ಬಿಸಿಯಾಯಿತು. "ಅದು ನಂದೇ" ಎಂದೆ. "ಸಾರ್‌ಗೆ ಹೇಳ್ಕೊಟ್ಟಿದ್ದು ನಾನು. ಅವ್ರು ಬರೋಕ್ ಮುಂಚೆ ಒಂದ್ ತಿಂಗ್ಳು ಆ ಕುರ್ಚೀಲಿ ನಾನೇ ಇದ್ದೆ."

ಅವಳು ಲ್ಯಾಪ್‌ಟಾಪಿನಲ್ಲಿ ಹುಡುಕಿದಳು. ಆ ತಿಂಗಳ ಪಂದ್ಯಗಳು ಪ್ರಯೋಗಕ್ಕೆಂದು ಮಾಡಿದ್ದು, ಆಪ್‌ನಲ್ಲಿ ಉಳಿಸಿರಲಿಲ್ಲ. ಅವಳ ಮುಖದಲ್ಲಿ ಬಂದ ನಗು ಇದೆಯಲ್ಲ, ಮಕ್ಕಳು ಹೋಂವರ್ಕ್ ನಾಯಿ ತಿಂದಿತು ಎಂದಾಗ ನಾನೂ ಹಾಗೇ ನಗುತ್ತಿದ್ದೆ.

"ಇವ್ರನ್ನ ಕೇಳಿ" ಎಂದೆ. ಅಣ್ಣನ ಕಡೆ ತಿರುಗಿದೆ. ಲೋಕದಲ್ಲಿ ಆ ವಿಷಯ ಹೇಳಬಲ್ಲ ಮನುಷ್ಯ ನನ್ನೆದುರಿಗೇ ಕೂತಿದ್ದರು. ಮೊದಲ ದಿನದಿಂದ ನನ್ನ ಪಕ್ಕದಲ್ಲಿದ್ದವರು, ಮೇಜಿನ ಕೆಳಗಿನ ನನ್ನ ಬೆರಳುಗಳನ್ನು ನೋಡಿದವರು.

ಅಣ್ಣ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಹೇಳಿದರು. "ಹ್ಞಾಂ, ಈಕೆ ನಮ್ ಟೀಮಲ್ಲೇ ಇದ್ರು. ತುಂಬಾ ಹೆಲ್ಪ್ ಮಾಡಿದಾರೆ ಸಾರ್‌ಗೆ."

ಹೆಲ್ಪ್. ಪೀಣ್ಯದ ಮೈದಾನಗಳಲ್ಲಿ ಸೋತ ತಂಡದ ಹನ್ನೆರಡನೆಯವನನ್ನೂ ಹೆಸರು ಹಿಡಿದು ಕರೆದು ಚಪ್ಪಾಳೆ ಹೊಡೆಸುತ್ತಿದ್ದ ಆ ಕಂಠಕ್ಕೆ ನನ್ನ ಬಗ್ಗೆ ಸಿಕ್ಕ ಪದ ಅದು. "ಈಕೆ" ಎಂದದ್ದೂ ಅವತ್ತೇ ಮೊದಲು. ಹುಡುಗಿ ಬಹಳ ಮರ್ಯಾದೆಯಿಂದ, ಎಕ್ಸ್‌ಪರ್ಟ್ ಆಗಿ ಒಬ್ಬ ಹಾಕಿ ಆಟಗಾರರು ಬರುವ ಮಾತಿದೆ, ಅವರಿಗೂ ಸಪೋರ್ಟ್ ಬೇಕಾಗುತ್ತದೆ, ನೀವಿದ್ದರೆ ಒಳ್ಳೆಯದು ಎಂದಳು. ಬೇಡ ಎಂದು ಎದ್ದೆ.

ಮೆಟ್ರೋ ಕಡೆ ನಡೆಯುತ್ತಿದ್ದಾಗ ಅಣ್ಣ ಹಿಂದಿನಿಂದ ಏದುಸಿರು ಬಿಡುತ್ತಾ ಬಂದರು. ಕೊರಳಲ್ಲಿ ಕಂಪನಿಯ ಟ್ಯಾಗ್ ಹಾಗೇ ಇತ್ತು. ನಾನು ನಿಂತೆ. ಕಂಪನಿ ಬಸ್ಸುಗಳು ಪಕ್ಕದಲ್ಲೇ ಹೋಗುತ್ತಿದ್ದವು, ಇಬ್ಬರೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಯಿತು.

"ಒಂದ್ ಮಾತು ಹೇಳ್ಬಹುದಿತ್ತು ಅಣ್ಣ" ಎಂದೆ.

"ಏನಂತ ಹೇಳ್ಲಮ್ಮ? ಸಾರ್ ಹೇಳಿದ್ದೆಲ್ಲ ಇವಳ ಬೆರಳು ನೋಡ್ಕೊಂಡು ಅಂತಾನಾ? ಅವ್ರು ಹೋದ್ರೂ ಕಂಪ್ನಿ ಅವರ ಹಳೇ ವಿಡಿಯೋ ಇಟ್ಕೊಂಡೇ ಈ ಸೀಸನ್ ಮಾರ್ತಾ ಇದೆ. ಹೇಳಿದ್ರೆ ನಿಂಗೇನ್ ಕುರ್ಚಿ ಕೊಡ್ತಿದ್ರಾ? ಇಬ್ರೂ ಮನೇಗ್ ಹೋಗ್ತಿದ್ವಿ. ನಂಗೆ ಈ ವಯಸ್ಸಲ್ಲಿ ಇನ್ನೊಂದ್ ಮೈಕು ಯಾರ್ ಕೊಡ್ತಾರೆ?"

"ನಂಗೆ ಯಾರ್ ಕೊಡ್ತಾರೆ?"

ಅವರು, "ನೀನು ಚಿಕ್ಕವಳು ಕಣಮ್ಮ, ಏನಾದ್ರೂ ಮಾಡ್ಕೋತೀಯ" ಎಂದರು. ಕಣ್ಣಲ್ಲಿ ನೀರಿತ್ತು. ನಾಟಕದ ನೀರಲ್ಲ, ನನಗೆ ಗೊತ್ತು. ಒಳಗೆ ಹುಡುಗಿ ಕಾಯುತ್ತಿರಬಹುದೆಂದು ವಾಪಸು ನಡೆದರು.

ಈಗ ನಾನು ಲಗ್ಗೆರೆಯ ಹತ್ತಿರದ ಬೇರೊಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಸಾರ್ ಮೇಲೆ ನನಗೆ ಅಷ್ಟು ಕೋಪವಿಲ್ಲ, ಅವರು ನಿಜಕ್ಕೂ ಅದೆಲ್ಲ ತಮ್ಮದೇ ಎಂದು ನಂಬಿರಬಹುದು. ಕೋಪವಿರುವುದು ಅಣ್ಣನ ಮೇಲೆ. ದಸರಾಕ್ಕೆ, ಯುಗಾದಿಗೆ ಫೋನ್ ಮಾಡುತ್ತಾರೆ, ನಾನು ಎತ್ತುವುದಿಲ್ಲ. ಅವರು ರಸ್ತೆಯಲ್ಲಿ ನಿಂತು ಹೇಳಿದ್ದರಲ್ಲಿ ತಪ್ಪು ಹುಡುಕಲು ಎಷ್ಟೋ ಸಲ ಕೂತಿದ್ದೇನೆ, ಸಿಕ್ಕಿಲ್ಲ. ಅವರು ಬಾಯಿ ಬಿಟ್ಟಿದ್ದರೂ ಆ ಕುರ್ಚಿ ನನಗೆ ಬರುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೂ ಆ ಕೋಣೆಯಲ್ಲಿ ಒಬ್ಬರ ಬಾಯಲ್ಲಿ, ಒಂದು ಸಲ, ಅದು ಇವಳದು ಎಂದು ಕೇಳಬೇಕಿತ್ತು ನನಗೆ.